ಬ್ಯಾಟರಿ ಗಾಡಿ ಬಂದ ಮೇಲೆ ಹಸುಗಳು ನನ್ನನ್ನು ಲೆಕ್ಕಕ್ಕೇ ಇಟ್ಟುಕೊಳ್ಳುತ್ತಿಲ್ಲ

ಕಣಜ
ಎಲ್ಲರಿಗೂ ನಮಸ್ಕಾರ. ಎರಡು ತಿಂಗಳ ಹಿಂದೆ ಹಳೆಯ ಡೀಸೆಲ್ ಸರಕು ಗಾಡಿಯನ್ನು ಸಾಗಹಾಕಿ, ಒಬ್ಬರು ಬಳಸಿ ಬಿಟ್ಟಿದ್ದ ಬ್ಯಾಟರಿ ಗಾಡಿಯೊಂದನ್ನು ಕೊಂಡೆ. ಇಬ್ಬರು ಕೂರಬಹುದು, ಹಿಂದೆ ಮಗುಚುವ ತೊಟ್ಟಿ ಇದೆ. 48 ವೋಲ್ಟ್; ಆರು ವೋಲ್ಟಿನ ಎಂಟು ಸೀಸದ ಬ್ಯಾಟರಿಗಳು, ಒಂದೊಂದೂ 225 ಆಂಪಿಯರ್ ಅವರ್. ಮೊದಲ ವಾರ ಹೇಳತೀರದ ಖುಷಿ. ಗಾಡಿ ಓಡಿಸುತ್ತಲೇ ಪಕ್ಕದಲ್ಲಿ ಕುಳಿತವರೊಡನೆ ಪಿಸುಮಾತಿನಲ್ಲಿ ಜಗಳವಾಡಬಹುದು ಎಂದು ಗೊತ್ತಾದದ್ದು ಆಗಲೇ.

ಆಮೇಲೆ ಒಂದೊಂದೇ ತಾಪತ್ರಯ. ಡೀಸೆಲ್ ಗಾಡಿಯ ಸದ್ದು ಕೇಳಿದರೆ ಸಾಕು, ಹಸುಗಳು ಬೇಲಿಯ ಬಳಿ ಸಾಲಾಗಿ ನಿಲ್ಲುತ್ತಿದ್ದವು. ಈಗ ನಾನು ಮೇವು ತುಂಬಿಕೊಂಡು ಹೋಗಿ ನಿಂತರೂ ತಲೆ ಎತ್ತುವುದಿಲ್ಲ. ಇಡೀ ಹುಲ್ಲುಗಾವಲು ನಡೆದು ಕರೆದುಕೊಂಡು ಬರಬೇಕು. ಎರಡನೆಯದು ಗಂಭೀರ ವಿಷಯ: ಹೋದ ವಾರ ಗಾಡಿಯ ಅಡಿಯ ನೆರಳಿನಲ್ಲಿ ನಾಯಿ ಮಲಗಿತ್ತು. ಡೀಸೆಲ್ ಇದ್ದಾಗ ಕೀಲಿ ತಿರುಗಿಸಿದೊಡನೆ ಎದ್ದು ಓಡುತ್ತಿತ್ತು. ಈ ಬಾರಿ ಅದಕ್ಕೆ ಗೊತ್ತೇ ಆಗಲಿಲ್ಲ. ಒಂದು ಗೇಣಿನ ಅಂತರದಲ್ಲಿ ಬದುಕಿತು. ಮೂರನೆಯದು, ಮಧ್ಯಾಹ್ನದ ಹೊತ್ತಿಗೆ ಚಾರ್ಜ್ ತೋರಿಸುವ ಮುಳ್ಳು ಅರ್ಧಕ್ಕೆ ಇಳಿಯುತ್ತದೆ, ಸಂಜೆ ಏರಿನಲ್ಲಿ ಗಾಡಿ ಏದುಸಿರು ಬಿಡುತ್ತದೆ. ಹೊಲ ಕೊಟ್ಟಿಗೆಗಿಂತ ಸುಮಾರು 60 ಮೀಟರ್ ತಗ್ಗಿನಲ್ಲಿದೆ.

ಲಿಥಿಯಂ ಬ್ಯಾಟರಿ ಹಾಕಿಸಲೇ, ಅಥವಾ ತೆಪ್ಪಗೆ ಡೀಸೆಲ್‌ಗೆ ಮರಳಲೇ?

ಹೊಗೆಗೊಳವೆ
ಮರಳಿ.

ಮೂರನೇಗೇರ್
ಹೊಗೆಗೊಳವೆಯವರ ಉತ್ತರ ಪ್ರಶ್ನೆ ಓದುವ ಮೊದಲೇ ಸಿದ್ಧವಾಗಿತ್ತು ಎಂದು ಕಾಣುತ್ತದೆ.

ಹೊಗೆಗೊಳವೆ
ಓದಿಯೇ ಬರೆದೆ. ಹಸು ಬರುವುದಿಲ್ಲ, ನಾಯಿ ಏಳುವುದಿಲ್ಲ, ಗಾಡಿ ಹತ್ತುವುದಿಲ್ಲ. ಇನ್ನೇನು ಉಳಿಯಿತು? ನನ್ನದಕ್ಕೆ ಇಂಧನ ಸುರಿದರೆ ಎರಡೇ ನಿಮಿಷದಲ್ಲಿ ಹೊರಡುತ್ತದೆ. ಇವರು ರಾತ್ರಿಯಿಡೀ ತಂತಿ ಚುಚ್ಚಿ ಕಾಯಬೇಕು.

ಕೊಟ್ಟಿಗೆದೀಪ
ರಾತ್ರಿಯಿಡೀ ಕಾಯುವುದು ಗಾಡಿ, ನಾವಲ್ಲ. ನಾವು ಮಲಗಿರುತ್ತೇವೆ. 🙂

ಕಣಜ ಅವರೇ, ಹಸುಗಳದ್ದು ಅಭ್ಯಾಸದ ಮಾತು. ಅವು ನಿಮ್ಮನ್ನಾಗಲೀ ಗಾಡಿಯನ್ನಾಗಲೀ ಪ್ರೀತಿಸುತ್ತಿರಲಿಲ್ಲ. ಆ ಸದ್ದಿನ ಹಿಂದೆಯೇ ಮೇವು ಬರುತ್ತದೆ ಎಂದು ಕಲಿತಿದ್ದವು, ಅಷ್ಟೇ. ಹೊಸ ಸದ್ದೊಂದನ್ನು ಕಲಿಸಿ. ನಾನು ಗಾಡಿಯ ಮುಂದಿನ ಕಂಬಿಗೆ ಹಳೆಯ ಎತ್ತಿನ ಗಂಟೆಯೊಂದನ್ನು ಕಟ್ಟಿದೆ. ನಾಲ್ಕೈದು ದಿನ ಗಂಟೆ ಅಲ್ಲಾಡಿಸುತ್ತಾ ಮೇವು ಹಾಕಿದೆ. ಒಂದು ವಾರ ಕಳೆಯುವುದರೊಳಗೆ ತಿರುವಿನಲ್ಲಿ ಗಂಟೆ ಕೇಳಿದೊಡನೆ ಸಾಲು ನಿಲ್ಲತೊಡಗಿದವು. ನಾಯಿಗೂ ಅದೇ ಗಂಟೆ ಎಚ್ಚರಿಕೆಯಾಯಿತು.

ಬೇಲಿಪಕ್ಕ
ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಪ್ರಶ್ನೆಗೆ ಕಡೆಗೂ ಉತ್ತರ ಸಿಕ್ಕಿತು.

ತಗ್ಗುದಿಬ್ಬ
ಗಂಟೆಯಲ್ಲಿ ಒಂದು ತೊಡಕಿದೆ. ಹಸುಗಳ ಕೊರಳಲ್ಲೂ ಗಂಟೆ ಇದ್ದರೆ ಅವಕ್ಕೆ ವ್ಯತ್ಯಾಸ ತಿಳಿಯುವುದು ಹೇಗೆ? ನಾನು ಹಾರ್ನ್ ಬಳಸುತ್ತೇನೆ. ಗೇಟಿನ ಬಳಿ ಎರಡು ಸಲ ಮಾತ್ರ, ಮೇವು ಇದ್ದಾಗ ಮಾತ್ರ. ಬೇರೆ ಹೊತ್ತಿನಲ್ಲಿ ಅದೇ ಹಾರ್ನ್ ಒತ್ತಿದರೆ ನಂಬಿಕೆ ಕೆಡುತ್ತದೆ. ಒಮ್ಮೆ ಸುಮ್ಮನೆ ಒತ್ತಿ ಬರಿಗೈಯಲ್ಲಿ ಹೋಗಿದ್ದೆ. ಹಸುಗಳು ನೋಡಿದ ನೋಟವನ್ನು ಮರೆಯಲಾರೆ.

ಓಮ್‌ನಿಯಮ
"ಸದ್ದಿಲ್ಲದ ಗಾಡಿ" ಎಂಬುದು ಮನುಷ್ಯರ ಅಹಂಕಾರ. ನಮ್ಮ ಕಿವಿ ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗೆ ಕೇಳುತ್ತದೆ, ವಯಸ್ಸಾದಂತೆ ಅದೂ ಇಲ್ಲ. ಹಸುವಿನ ಕಿವಿ ಸುಮಾರು 35 ಕಿಲೋಹರ್ಟ್ಸ್‌ವರೆಗೆ, ನಾಯಿಯದು ಇನ್ನೂ ಮೇಲಕ್ಕೆ. ಮೋಟಾರಿಗೆ ವಿದ್ಯುತ್ತನ್ನು ಅಳೆದು ಕೊಡುವ ಕಂಟ್ರೋಲರ್ ಸೆಕೆಂಡಿಗೆ ಸಾವಿರಾರು ಬಾರಿ ಹೊತ್ತಿ ಆರುತ್ತದೆ. ಹಲವು ಕಂಟ್ರೋಲರ್‌ಗಳಲ್ಲಿ ಅದು 10ರಿಂದ 20 ಕಿಲೋಹರ್ಟ್ಸ್ ನಡುವೆ ಇರುತ್ತದೆ. ನಿಮಗೆ ಮೌನ ಎನಿಸುವಲ್ಲಿ ಹಸುವಿಗೆ ಕೀರಲು ಸಿಳ್ಳು ಕೇಳುತ್ತಿರಬಹುದು. ಕೆಲವು ಪ್ರಾಣಿಗಳು ಮೊದಮೊದಲು ಬ್ಯಾಟರಿ ಗಾಡಿಯ ಹತ್ತಿರ ಬರಲು ಹಿಂಜರಿಯುವುದಕ್ಕೆ ಇದೂ ಕಾರಣವಿದ್ದೀತು.

ಬ್ಯಾಟರಿಯ ವಿಷಯಕ್ಕೆ ಸಂಜೆ ಬರುತ್ತೇನೆ. ಅದಕ್ಕಿಂತ ಮೊದಲು ಲಿಥಿಯಂ ಕೊಳ್ಳಬೇಡಿ.

ಹೊಗೆಗೊಳವೆ
ಹಾಗಿದ್ದರೆ ಹಸುಗಳಿಗೆ ಕೇಳುತ್ತಿದೆ, ಆದರೂ ಬರುತ್ತಿಲ್ಲ. ಗಾಡಿಯ ಮೇಲಿನ ಅವುಗಳ ಅಭಿಪ್ರಾಯ ಸ್ಪಷ್ಟವಾಗಿದೆ.

ನೇಗಿಲಗೆರೆ
ಸದ್ದಿಲ್ಲದ ವಿದ್ಯುತ್ ವಾಹನಕ್ಕೆ ಕೃತಕ ಸದ್ದಿನ ಸಾಧನ ಕಡ್ಡಾಯ ಎಂದು ಎಲ್ಲೋ ಓದಿದ ನೆನಪು. ನಿಮ್ಮದರಲ್ಲಿ ಅದನ್ನು ಯಾರೋ ಕಿತ್ತಿರಬೇಕು.

ಮೂರನೇಗೇರ್
ಅದು ರಸ್ತೆಯ ಕಾರು, ಬಸ್ಸು, ಲಾರಿಗಳ ನಿಯಮ, ನೇಗಿಲಗೆರೆ ಅವರೇ. ಐರೋಪ್ಯ ಒಕ್ಕೂಟದಲ್ಲಿ 2019ರ ಜುಲೈಯಿಂದ ಹೊಸ ಮಾದರಿಗಳಿಗೆ, 2021ರ ಜುಲೈಯಿಂದ ಎಲ್ಲ ಹೊಸ ವಾಹನಗಳಿಗೆ ಬಂತು. ಗಂಟೆಗೆ 20 ಕಿಲೋಮೀಟರ್‌ವರೆಗಿನ ವೇಗದಲ್ಲಿ ಮಾತ್ರ ಸದ್ದು ಬೇಕು. ಅದಕ್ಕಿಂತ ಮೇಲೆ ಟೈರಿನ ಸದ್ದೇ ಸಾಕಾಗುತ್ತದೆ. ಹೊಲದ ಗಾಡಿಗಳು ಆ ಪಟ್ಟಿಯಲ್ಲಿಲ್ಲ. ವಿಚಿತ್ರವೆಂದರೆ ಹೊಲದ ಗಾಡಿ ಹೆಚ್ಚು ಹೊತ್ತು ಓಡುವುದು 20ರ ಒಳಗೇ, ಅದೂ ಮೆತ್ತನೆಯ ಮಣ್ಣಿನ ಮೇಲೆ. ಅಲ್ಲಿ ಟೈರಿನ ಸದ್ದೂ ಇಲ್ಲ.

ಕೋಳಿಗೂಡು
ನಾಯಿಯ ಪ್ರಸಂಗ ಓದಿ ಮೈ ಜುಮ್ಮೆಂದಿತು. ನಮ್ಮಲ್ಲಿ ನಡೆದದ್ದನ್ನು ಹೇಳುತ್ತೇನೆ, ಯಾರಿಗಾದರೂ ಉಪಯೋಗವಾಗಲಿ. ಗಾಡಿ ನಿಲ್ಲಿಸಿ ಮೊಟ್ಟೆಯ ಟ್ರೇಗಳನ್ನು ಇಳಿಸುತ್ತಿದ್ದೆ. ಇಂಜಿನ್ ಸದ್ದಿಲ್ಲವಲ್ಲ, ಕೀಲಿ ಆರಿಸಿದ್ದೇನೆ ಎಂದೇ ಭಾವಿಸಿದ್ದೆ. ಆರು ವರ್ಷದ ಮಗ ಹತ್ತಿ ಕುಳಿತು ಪೆಡಲ್ ಒತ್ತಿದ. ಗಾಡಿ ಬಾಣದಂತೆ ಹೋಗಿ ನೀರಿನ ತೊಟ್ಟಿಗೆ ಗುದ್ದಿತು. ಮಗುವಿಗೆ ಏನೂ ಆಗಲಿಲ್ಲ, ತೊಟ್ಟಿ ಒಡೆಯಿತು. ಅಂದಿನಿಂದ ಒಂದೇ ಕಟ್ಟಳೆ: ಸೀಟಿನಿಂದ ಕಾಲು ಇಳಿಯುವ ಮುಂಚೆ ಕೈಬ್ರೇಕ್, ಆಮೇಲೆ ಕೀಲಿ ಕಿಸೆಗೆ. ಡೀಸೆಲ್ ಗಾಡಿಯಲ್ಲಿ ಗಡಗಡ ಸದ್ದೇ "ನಾನು ಚಾಲೂ ಇದ್ದೇನೆ" ಎನ್ನುತ್ತಿತ್ತು. ಇದರಲ್ಲಿ ಆ ಮಾತನ್ನು ನಾವೇ ನಮಗೆ ಹೇಳಿಕೊಳ್ಳಬೇಕು.

ಹಾಗೆಂದು ಮಾರುವ ಮಾತೇ ಇಲ್ಲ. ಕೋಳಿಮನೆಯ ಒಳಗೇ ಓಡಿಸಬಹುದು, ಹೊಗೆ ಇಲ್ಲ. ಹಿಂದೆ ಇಂಜಿನ್ ಗಾಡಿಯನ್ನು ಬಾಗಿಲ ಹೊರಗೇ ನಿಲ್ಲಿಸಿ ಹೊರುತ್ತಿದ್ದೆವು. ಮುಚ್ಚಿದ ಜಾಗದಲ್ಲಿ ಇಂಜಿನ್ ಓಡಿಸಿದರೆ ಕಾರ್ಬನ್ ಮಾನಾಕ್ಸೈಡ್, ಅದಕ್ಕೆ ವಾಸನೆಯೂ ಇಲ್ಲ ಬಣ್ಣವೂ ಇಲ್ಲ. ಆದರೆ ಕೋಳಿಮನೆಯ ಅಮೋನಿಯಾ ತಾಮ್ರ, ಹಿತ್ತಾಳೆಗಳನ್ನು ತಿನ್ನುತ್ತದೆ. ತಂತಿಯ ಜೋಡಣೆಗಳನ್ನು ಆಗಾಗ ನೋಡಿ ಗ್ರೀಸ್ ಹಚ್ಚುತ್ತಿರಬೇಕು.

ಕಣಜ
ಅಕ್ಕ, ನೀವು ಹೇಳಿದ ಮೇಲೆ ನೋಡಿಕೊಂಡೆ. ನಿನ್ನೆ ರಾತ್ರಿಯಿಡೀ ನನ್ನ ಗಾಡಿಯೂ ಚಾಲೂ ಸ್ಥಿತಿಯಲ್ಲೇ ಇತ್ತು. ಬೆವರು ಬಂತು.

ಪದಜಿಜ್ಞಾಸೆ
ಇಷ್ಟು ಹೊತ್ತು ಓದಿದೆ, ಒಬ್ಬರೂ ಇದಕ್ಕೊಂದು ಒಳ್ಳೆಯ ಹೆಸರಿಡಲಿಲ್ಲ. ಇಂಗ್ಲಿಷಿನ ಯುಟಿಲಿಟಿ ಟಾಸ್ಕ್ ವೆಹಿಕಲ್ ಅನ್ನು ಚಿಕ್ಕದಾಗಿಸಿ "ಯುಟಿವಿ" ಎನ್ನುವವರು ಒಂದೆಡೆ, "ಬ್ಯಾಟರಿ ಗಾಡಿ" ಎನ್ನುವವರು ಇನ್ನೊಂದೆಡೆ. "ಮೂಕಬಂಡಿ" ಹೇಗಿದೆ?

ಬೇಲಿಪಕ್ಕ
ಕೆಲಸ ಮಾಡದೆ ನಿಂತ ದಿನ "ಮೊಂಡುಬಂಡಿ" ಎನ್ನೋಣ.

ಓಮ್‌ನಿಯಮ
ಮೂಕ ಅಲ್ಲವೆಂದು ಮೇಲೆ ಅಷ್ಟುದ್ದ ಬರೆದೆನಲ್ಲ!

ಪದಜಿಜ್ಞಾಸೆ
ಹಸುಗಳು ಕನ್ನಡ ನಿಘಂಟು ಬರೆಯುವ ದಿನ ಬದಲಾಯಿಸೋಣ.

ನಿರ್ವಾಹಕ
ಹೆಸರಿನ ಚರ್ಚೆಗೆ ಬೇರೆ ಎಳೆ ತೆರೆಯಿರಿ. ಇಲ್ಲಿ ಒಬ್ಬರ ಗಾಡಿ ಏರಿನಲ್ಲಿ ನಿಂತಿದೆ.

ಓಮ್‌ನಿಯಮ
ಸಂಜೆ ಬರುತ್ತೇನೆ ಎಂದಿದ್ದೆ, ಬಂದಿದ್ದೇನೆ. ಲೆಕ್ಕ ಇಷ್ಟ ಇಲ್ಲದವರು ದಾಟಿ ಹೋಗಿ.

48 ವೋಲ್ಟ್ ಗುಣಿಸು 225 ಆಂಪಿಯರ್ ಅವರ್, 10,800 ವ್ಯಾಟ್ ಅವರ್, ಅಂದರೆ 10.8 ಯೂನಿಟ್. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಪದೇ ಪದೇ ಇಳಿಸಿದರೆ ಆಯಸ್ಸು ಬೇಗ ಮುಗಿಯುತ್ತದೆ. ಆದ್ದರಿಂದ ಕೈಗೆ ಸಿಗುವುದು ಐದು ಯೂನಿಟ್ ಚಿಲ್ಲರೆ. ಅದೂ ನಿಧಾನವಾಗಿ ಬಳಸಿದರೆ. ಏರಿನಲ್ಲಿ ಒಮ್ಮೆಲೇ ಹೆಚ್ಚು ಕರೆಂಟ್ ಎಳೆದರೆ ಇನ್ನೂ ಕಡಿಮೆ.

ಗಾಡಿ, ಸರಕು, ನೀವು ಎಲ್ಲ ಸೇರಿ 1,000 ಕಿಲೋ ಎನ್ನೋಣ. 60 ಮೀಟರ್ ಮೇಲಕ್ಕೆ ಎತ್ತಲು 0.16 ಯೂನಿಟ್. ಮೋಟಾರು, ಗೇರು, ತಂತಿಗಳ ನಷ್ಟ ಸೇರಿಸಿ 0.25 ಎಂದು ಹಿಡಿಯಿರಿ. ದಿನಕ್ಕೆ ಎಂಟು ಬಾರಿ ಹತ್ತಿದರೂ ಎರಡೇ ಯೂನಿಟ್. ಹಾಗಾಗಿ ಏರು ನಿಮ್ಮ ಶತ್ರುವಲ್ಲ.

ಶತ್ರು ಕೆಸರು. ಗಟ್ಟಿ ನೆಲದಲ್ಲಿ ಚಕ್ರ ಉರುಳಲು ಭಾರದ ನೂರರಲ್ಲಿ ಎರಡು ಪಾಲಿನಷ್ಟು ಬಲ ಸಾಕು. ಮೆತ್ತನೆಯ ಕೆಸರಿನಲ್ಲಿ ಅದು ಹತ್ತು ಪಾಲಿಗೆ ಸುಲಭವಾಗಿ ಏರುತ್ತದೆ. ಅಂದರೆ ಒಂದು ಕಿಲೋಮೀಟರ್ ಕೆಸರು ದಾಟುವುದೂ ನೂರು ಮೀಟರ್ ಗುಡ್ಡ ಹತ್ತುವುದೂ ಒಂದೇ ಖರ್ಚು. ನಿಮ್ಮ ದಾರಿಯ ಯಾವ ಭಾಗ ಹಸಿಯಾಗಿರುತ್ತದೆ ನೋಡಿ, ಅಲ್ಲಿ ಒಂದಿಷ್ಟು ಜಲ್ಲಿ ಸುರಿಯಿರಿ. ಹೊಸ ಬ್ಯಾಟರಿಗಿಂತ ಅಗ್ಗ.

ಅದಕ್ಕೂ ಮೊದಲು ಒಂದು ಮಲ್ಟಿಮೀಟರ್ ತೆಗೆದುಕೊಂಡು ಎಂಟೂ ಬ್ಯಾಟರಿಗಳನ್ನು ಬೇರೆ ಬೇರೆಯಾಗಿ ಅಳೆಯಿರಿ. ಪೂರ್ತಿ ಚಾರ್ಜ್ ಆಗಿ ಕೆಲವು ಗಂಟೆ ವಿಶ್ರಾಂತಿ ಪಡೆದ ಮೇಲೆ ಒಂದೊಂದೂ 6.3 ಆಸುಪಾಸು ತೋರಿಸಬೇಕು. ಆಮೇಲೆ ಒಬ್ಬರು ಏರಿನಲ್ಲಿ ಓಡಿಸುತ್ತಿರುವಾಗ ಇನ್ನೊಬ್ಬರು ಅಳೆಯಿರಿ. ಎಲ್ಲವೂ ಒಟ್ಟಿಗೆ ತಗ್ಗಿದರೆ ಮುದಿತನ. ಒಂದೇ ಕುಸಿದರೆ ಅದೊಂದೇ ಕಳ್ಳ.

ತಗ್ಗುದಿಬ್ಬ
ಓಮ್‌ನಿಯಮ ಅವರ ಕೆಸರಿನ ಲೆಕ್ಕಕ್ಕೆ ನನ್ನ ಸಾಕ್ಷಿ. ಟೈರಿನ ಗಾಳಿ ಕಡಿಮೆ ಇದ್ದರೆ ಗಟ್ಟಿ ದಾರಿಯಲ್ಲಿ ದಂಡ, ಕೆಸರಿನಲ್ಲಿ ಲಾಭ. ಎರಡರ ನಡುವೆ ಒಂದು ಅಳತೆ ಹುಡುಕಿಕೊಳ್ಳಬೇಕು.

ಇನ್ನೊಂದು ಮಾತು, ಏರಿನದಲ್ಲ, ಇಳಿಜಾರಿನದು. ನಿಮ್ಮ ಕೊಟ್ಟಿಗೆ ಮೇಲಿದೆ, ಚಾರ್ಜ್ ಆಗುವುದು ಅಲ್ಲೇ. ಇಳಿಯುವಾಗ ಮೋಟಾರೇ ಡೈನಮೋ ಆಗಿ ವೇಗ ತಡೆಯುವ ಗಾಡಿಗಳಿವೆಯಲ್ಲ, ಅವುಗಳ ಬ್ಯಾಟರಿ ತುಂಬಿ ತುಳುಕುತ್ತಿದ್ದರೆ ಹಿಂದಿರುಗುವ ವಿದ್ಯುತ್ತಿಗೆ ಜಾಗವೇ ಇರುವುದಿಲ್ಲ. ತಡೆ ತಗ್ಗುತ್ತದೆ. ದಿನದ ಮೊದಲ ಇಳಿಜಾರಿನಲ್ಲೇ ಗಾಡಿ ನಿನ್ನೆಗಿಂತ ಜೋರಾಗಿ ಓಡುತ್ತದೆ. ಹಿಂದೆ ಟ್ರೇಲರ್ ಇದ್ದರೆ ಅದು ತಳ್ಳುತ್ತದೆ. ನನಗೆ ಒಮ್ಮೆ ಬೇಲಿಯವರೆಗೂ ದೇವರ ದರ್ಶನವಾಯಿತು. ಬೆಳಗಿನ ಮೊದಲ ಇಳಿತಕ್ಕೆ ಕಾಲು ಬ್ರೇಕಿನ ಮೇಲೇ ಇರಲಿ.

ಹೊಗೆಗೊಳವೆ
ಬೆಳಗ್ಗೆ ಒಂದು ಥರ, ಸಂಜೆ ಒಂದು ಥರ ಬ್ರೇಕ್ ಹಿಡಿಯುವ ಗಾಡಿ. ಇದನ್ನು ನೀವು ಪ್ರಗತಿ ಎನ್ನುತ್ತೀರಿ.

ಮೂರನೇಗೇರ್
ಸ್ವಾಮಿ, ಡೀಸೆಲ್ ಗಾಡಿಯ ಕೆಲಸವನ್ನೂ ನೋಡಿ. ಇನ್ನೂರು ಮೀಟರ್ ಹೋಗು, ನಿಲ್ಲು, ಹತ್ತು ನಿಮಿಷ ಸುಮ್ಮನೆ ಗಡಗುಟ್ಟು, ಮತ್ತೆ ಮುನ್ನೂರು ಮೀಟರ್. ಇಂಜಿನ್ ಬಿಸಿಯೇ ಆಗುವುದಿಲ್ಲ. ಒಳಗೆ ತೇವ ಕಟ್ಟಿ ಎಣ್ಣೆಗೆ ಸೇರುತ್ತದೆ, ಹೊಸ ಇಂಜಿನ್‌ಗಳಾದರೆ ಹೊಗೆ ಸೋಸುವ ಜಾಲರಿ ಕಟ್ಟಿಕೊಳ್ಳುತ್ತದೆ. ಇಂಜಿನ್ನಿಗೆ ಬೇಕಾದದ್ದು ದೂರದ ಓಟ, ನಾವು ಕೊಡುವುದು ತುಂಡು ಓಟ. ಬ್ಯಾಟರಿ ಗಾಡಿಗೆ ತುಂಡು ಓಟವೇ ಹೇಳಿ ಮಾಡಿಸಿದ್ದು. ನಿಂತಾಗ ಅದು ಹೆಚ್ಚುಕಡಿಮೆ ಏನೂ ತಿನ್ನುವುದಿಲ್ಲ.

ಹೊಗೆಗೊಳವೆ
ತುಂಡು ಓಟದ ಮಾತು ಒಪ್ಪುತ್ತೇನೆ. ಆದರೆ ನಾನು ದಿನವೂ ಮೂವತ್ತು ಕಿಲೋಮೀಟರ್ ಬೇಲಿ ಸುತ್ತುತ್ತೇನೆ, ಹಿಂದೆ ಟ್ರೇಲರ್ ಕಟ್ಟಿ. ಐದು ಯೂನಿಟ್ಟಿನಲ್ಲಿ ಅದು ಆಗುತ್ತದೆಯೇ ಹೇಳಿ.

ಓಮ್‌ನಿಯಮ
ಆಗುವುದಿಲ್ಲ. ನಿಮ್ಮ ಕೆಲಸಕ್ಕೆ ಡೀಸೆಲ್ಲೇ ಸರಿ, ಅಥವಾ ದೊಡ್ಡ ಲಿಥಿಯಂ ಬ್ಯಾಟರಿಯೊಂದಿಗೇ ಬರುವ ಗಾಡಿಗಳು ಬೇಕು. ಪೊಲಾರಿಸ್ ಕಂಪನಿ 2021ರ ಡಿಸೆಂಬರ್‌ನಲ್ಲಿ ರೇಂಜರ್ ಎಕ್ಸ್‌ಪಿ ಕೈನೆಟಿಕ್ ಎಂಬುದನ್ನು ಪ್ರಕಟಿಸಿತು: 110 ಅಶ್ವಶಕ್ತಿ, ಬ್ಯಾಟರಿ 14.9 ಅಥವಾ 29.8 ಯೂನಿಟ್. ಕಂಪನಿಯ ಅಂದಾಜು ಕ್ರಮವಾಗಿ 45 ಮೈಲಿ, 80 ಮೈಲಿ. ಟ್ರೇಲರ್ ಕಟ್ಟಿ ಕೆಸರಿಗೆ ಇಳಿದರೆ ಆ ಅಂಕಿ ತಗ್ಗುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಹೊಗೆಗೊಳವೆ
ಈ ಎಳೆಯಲ್ಲಿ ಯಾರೋ ಒಬ್ಬರು ನನ್ನ ಪರವಾಗಿ ಮಾತಾಡಿದ್ದು ಇದೇ ಮೊದಲು. ಮುದ್ರಿಸಿ ಇಟ್ಟುಕೊಳ್ಳುತ್ತೇನೆ.

ನೇಗಿಲಗೆರೆ
ನಾನು ಮಾತ್ರ ಬೇರೆ ಕಾರಣಕ್ಕೆ ಬ್ಯಾಟರಿ ಗಾಡಿಯ ಕಡೆ. ಮೂವತ್ತು ವರ್ಷ ಮೇಲ್ಛಾವಣಿಯಿಲ್ಲದ ಟ್ರ್ಯಾಕ್ಟರ್ ಓಡಿಸಿದೆ, ಕಿವಿಗೆ ಏನೂ ಹಾಕಿಕೊಳ್ಳಲಿಲ್ಲ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆಯೇ ಮಿತಿ, ಅಲ್ಲಿಂದ ಮೂರು ಡೆಸಿಬೆಲ್ ಏರಿದಂತೆಲ್ಲ ಅವಧಿ ಅರ್ಧಕ್ಕಿಳಿಯುತ್ತದೆ ಎಂದು ಯಾರೋ ಹೇಳಿದ್ದು ಕಿವಿ ಹೋದ ಮೇಲೆ. ಈಗ ಎಡಗಿವಿಯಲ್ಲಿ ಹಗಲೂ ರಾತ್ರಿ ಜೀರುಂಡೆ. ಬ್ಯಾಟರಿ ಗಾಡಿ ಎಷ್ಟು ಮೌನವಾಗಿದ್ದರೂ ನನಗೆ ಮೌನ ಸಿಗುವುದಿಲ್ಲ. ಮೊಮ್ಮಗಳು ಓಡಿಸುತ್ತಾಳೆ, ಅವಳಿಗಾದರೂ ಸಿಗಲಿ.

ಕೋಳಿಗೂಡು
🙏

ಬೇಲಿಪಕ್ಕ
ಇಲಿಗಳ ಬಗ್ಗೆ ಯಾರೂ ಹೇಳಲಿಲ್ಲವೇಕೆ? ನನ್ನ ಗಾಡಿ ನಿಂತದ್ದು ಬ್ಯಾಟರಿಯಿಂದಲ್ಲ, ಪೆಡಲ್ಲಿನ ಸಣ್ಣ ತಂತಿಯನ್ನು ಇಲಿ ಕತ್ತರಿಸಿದ್ದರಿಂದ. ಮೇವಿನ ಕೋಣೆಯಲ್ಲಿ ನಿಲ್ಲಿಸಿದ್ದೇ ತಪ್ಪು.

ಕೊಟ್ಟಿಗೆದೀಪ
ಮೇವಿನ ಕೋಣೆಯಲ್ಲಿ ನಿಲ್ಲಿಸುವುದಕ್ಕೆ ಇಲಿಗಿಂತ ದೊಡ್ಡ ಆಕ್ಷೇಪವಿದೆ. ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಸೇರಿದರೆ ಕಿಡಿಯೊಂದೇ ಸಾಕು. ಲಿಥಿಯಂ ಆದರೆ ಹೈಡ್ರೋಜನ್ ಭಯ ಇಲ್ಲ, ಆದರೆ ಕೆಟ್ಟು ಹೊತ್ತಿಕೊಂಡರೆ ಆರಿಸುವುದು ಕಷ್ಟ. ಎರಡನ್ನೂ ಒಣಹುಲ್ಲಿನ ಪಕ್ಕದಲ್ಲಿ ಚಾರ್ಜ್ ಮಾಡಬಾರದು. ಗಾಳಿಯಾಡುವ ಬೇರೆ ಮಾಡು ಬೇಕು.

ಕಣಜ
ವರದಿ ಒಪ್ಪಿಸಲು ಬಂದಿದ್ದೇನೆ. ಎಂಟೂ ಅಳೆದೆ. ವಿಶ್ರಾಂತಿಯಲ್ಲಿ ಏಳು ಬ್ಯಾಟರಿಗಳು 6.3ರ ಆಸುಪಾಸು, ಐದನೆಯದು 6.1. ಏರಿನಲ್ಲಿ ಉಳಿದವು 5.9ಕ್ಕೆ ಇಳಿದರೆ ಅದು 4.8ಕ್ಕೆ ಬಿತ್ತು. ಮುಚ್ಚಳ ತೆಗೆದು ನೋಡಿದರೆ ಒಂದು ಕೋಶದಲ್ಲಿ ನೀರೇ ಇಲ್ಲ, ತಟ್ಟೆಗಳು ಹೊರಗೆ ಕಾಣುತ್ತಿವೆ. ಮಾರಿದವರು ನೀರು ನೋಡಿಯೇ ಇರಲಿಲ್ಲ, ನಾನೂ ಕೇಳಿರಲಿಲ್ಲ.

ಓಮ್‌ನಿಯಮ
ಸಿಕ್ಕಿಬಿದ್ದ. ತಟ್ಟೆ ಮುಳುಗುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಿ, ಚಾರ್ಜ್ ಮಾಡಿ, ಆಮೇಲೆ ಪೂರ್ತಿ ಮಟ್ಟಕ್ಕೆ ತುಂಬಿ. ಮೊದಲೇ ಅಂಚಿನವರೆಗೆ ತುಂಬಿದರೆ ಚಾರ್ಜ್ ಆಗುವಾಗ ಉಕ್ಕಿ ಆಮ್ಲ ಹೊರಬರುತ್ತದೆ. ನಲ್ಲಿ ನೀರು ಬೇಡ. ಕನ್ನಡಕ, ಕೈಗವಸು ಹಾಕಿಕೊಳ್ಳಿ. ಹೀಗೆ ಒಣಗಿದ ಕೋಶ ಪೂರ್ತಿ ಚೇತರಿಸಿಕೊಳ್ಳುವುದು ಅಪರೂಪ, ಆದರೂ ನೋಡೋಣ.

ಮೂರನೇಗೇರ್
ಅದೊಂದನ್ನೇ ಹೊಸದು ಹಾಕಿದರೆ ಮುಗಿಯಿತಲ್ಲ?

ಓಮ್‌ನಿಯಮ
ಏಳು ಮುದುಕರ ನಡುವೆ ಒಬ್ಬ ಹರೆಯದವನನ್ನು ಕಟ್ಟಿದರೆ ಅವನೂ ಬೇಗ ಮುದುಕನಾಗುತ್ತಾನೆ. ಅದೇ ವಯಸ್ಸಿನ, ಅದೇ ಅಳತೆಯ ಹಳೆಯದೊಂದು ಸಿಕ್ಕರೆ ಹಾಕಿ ಒಂದೆರಡು ವರ್ಷ ನೂಕಬಹುದು.

ತಗ್ಗುದಿಬ್ಬ
ಅಥವಾ ಈಗಲೇ ಲಿಥಿಯಂ ಐರನ್ ಫಾಸ್ಫೇಟ್ ಹಾಕಿಸಿ ನೆಮ್ಮದಿಯಾಗಿರಿ. ನೀರಿನ ರಗಳೆ ಇಲ್ಲ, ಇನ್ನೂರು ಕಿಲೋಗೂ ಹೆಚ್ಚಿನ ಭಾರ ಐವತ್ತು ಅರವತ್ತಕ್ಕೆ ಇಳಿಯುತ್ತದೆ.

ಕೊಟ್ಟಿಗೆದೀಪ
ಆ ಭಾರ ಸುಮ್ಮನೆ ಇರಲಿಲ್ಲ, ತಗ್ಗುದಿಬ್ಬ ಅವರೇ. ಸೀಟಿನ ಅಡಿಯಲ್ಲಿ, ನೆಲಕ್ಕೆ ಹತ್ತಿರದಲ್ಲಿ ಕುಳಿತು ಗಾಡಿ ಮಗುಚದಂತೆ ಹಿಡಿದಿತ್ತು. ಭಾರ ತೆಗೆದು, ತೊಟ್ಟಿಯಲ್ಲಿ ಮೊದಲಿನಷ್ಟೇ ಎತ್ತರಕ್ಕೆ ಮೇವು ಪೇರಿಸಿ ಅಡ್ಡ ಇಳಿಜಾರಿನಲ್ಲಿ ಹೋಗಿ ನೋಡಿ. ಲಿಥಿಯಂ ಹಾಕಿಸಿದ ಮೊದಲ ವಾರ ನನಗೆ ಗಾಡಿಯ ಹಿಂಭಾಗ ಹಗುರವಾಗಿ ಜಾರಿದಂತೆ ಅನಿಸಿತು. ಪೇರಿಸುವ ಎತ್ತರ ಕಡಿಮೆ ಮಾಡಿದ ಮೇಲೆ ಸರಿಹೋಯಿತು.

ಓಮ್‌ನಿಯಮ
ಹಾಕಿಸುವುದಾದರೆ ಹಳೆಯ ಚಾರ್ಜರ್ ಬಳಸಬೇಡಿ. ಸೀಸದ ಬ್ಯಾಟರಿಗೆಂದು ಕೊನೆಯಲ್ಲಿ ಹೆಚ್ಚು ವೋಲ್ಟ್ ಕೊಟ್ಟು ಕುದಿಸುವ ಹಂತ ಅದರಲ್ಲಿದ್ದರೆ ಲಿಥಿಯಂಗೆ ಹಾನಿ. ಹಳೆಯ ಮುಳ್ಳೂ ಸುಳ್ಳು ಹೇಳುತ್ತದೆ: ಲಿಥಿಯಂನ ವೋಲ್ಟ್ ಕೊನೆಯವರೆಗೂ ಹೆಚ್ಚು ಕದಲುವುದಿಲ್ಲ, ಮುಕ್ಕಾಲು ಎಂದು ತೋರಿಸುತ್ತಲೇ ಗಾಡಿ ನಡುಹೊಲದಲ್ಲಿ ನಿಂತುಬಿಡುತ್ತದೆ. ಹಿಮ ಬೀಳುವ ಕಡೆಯವರು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಲೇಬಾರದು.

ಕಣಜ
ಎಂಟು ದಿನಗಳ ನಂತರ. ಒಣಗಿದ ಬ್ಯಾಟರಿ ಚೇತರಿಸಿಕೊಳ್ಳಲಿಲ್ಲ. ಓಮ್‌ನಿಯಮ ಅವರು ಹೇಳಿದಂತೆ ಅದೇ ಅಳತೆಯ, ಹೆಚ್ಚುಕಡಿಮೆ ಅದೇ ವಯಸ್ಸಿನದೊಂದು ಸಿಕ್ಕಿತು, ಹಾಕಿದೆ. ತೋಡಿನ ಬಳಿಯ ಕೆಸರಿಗೆ ಎರಡು ತೊಟ್ಟಿ ಜಲ್ಲಿ ಸುರಿದೆ. ಈಗ ಸಂಜೆಯ ಕೊನೆಯ ಸುತ್ತೂ ಏದುಸಿರಿಲ್ಲದೆ ಹತ್ತುತ್ತದೆ. ಲಿಥಿಯಂ ಮುಂದೂಡಿದೆ.

ಗಂಟೆಯನ್ನೂ ಕಟ್ಟಿದೆ. ನಾಯಿ ಎರಡೇ ದಿನದಲ್ಲಿ ಕಲಿಯಿತು. ಹಸುಗಳೂ ಬರುತ್ತಿವೆ, ಆದರೆ ಗುರುವಾರದಿಂದ ಪಕ್ಕದ ಹೊಲದ ಹಸುಗಳೂ ಬೇಲಿಯ ಆಚೆ ಸಾಲು ನಿಲ್ಲುತ್ತಿವೆ. ಪಕ್ಕದವರು ಇದು ಸರಿಯಲ್ಲ ಎನ್ನುತ್ತಿದ್ದಾರೆ.

ಹೊಗೆಗೊಳವೆ
ಪಕ್ಕದವರದು ಡೀಸೆಲ್ ಗಾಡಿಯೇ?

ಕಣಜ
ಹೌದು. ಏಕೆ?

ಹೊಗೆಗೊಳವೆ
ಸುಮ್ಮನೆ ಕೇಳಿದೆ.